ಜವಾಬಿಲ್ಲದ ಮಾತು

ಹೆಣ್ಣು ಹೆಚ್ಚೋ ಗಂಡು ಹೆಚ್ಚೋ ಎಂಬ ಒಂದೇ ಪ್ರಶ್ನೆ ಹಿಡಿದು ರಾತ್ರಿಯಿಡೀ ಜಗಳವಾಡುವ ಕಲೆಯೊಂದು ನಮ್ಮ ವಿಜಯಪುರ ಸೀಮೆಯಲ್ಲಿದೆ. ಹರದೇಶಿ–ನಾಗೇಶಿ ಎನ್ನುತ್ತಾರೆ. ಹರದೇಶಿ ಮೇಳದವರದು ಗಂಡಿನ ಪಕ್ಷ. ಶಿವನೇ ದೊಡ್ಡವ, ಬೀಜವಿಲ್ಲದೆ ಬೆಳೆ ಎಲ್ಲಿಯದು ಎಂದು ಅವರ ವಾದ. ನಾಗೇಶಿಯವರದು ಹೆಣ್ಣಿನ ಪಕ್ಷ. ಆ ಶಿವನನ್ನೂ ಸೇರಿಸಿ ಮೂವರು ದೇವರನ್ನು ಹುಟ್ಟಿಸಿದವಳು ಆದಿಶಕ್ತಿ, ಭೂಮಿಯೇ ಇಲ್ಲದಿದ್ದರೆ ಬೀಜವನ್ನು ಎಲ್ಲಿ ಬಿತ್ತುತ್ತಿ ಎಂದು ಇವರ ಮರುಪ್ರಶ್ನೆ. ದಪ್ಪು, ತುಂತುಣಿ, ತಾಳ, ಇಷ್ಟೇ ವಾದ್ಯ. ಒಂದು ಮೇಳ ಹಾಡಿ ಸವಾಲು ಹಾಕಿ ಕೂರುತ್ತದೆ. ಇನ್ನೊಂದು ಎದ್ದು ಅದಕ್ಕೆ ಜವಾಬು ಹೇಳಿ ತನ್ನ ಸವಾಲು ಹಾಕುತ್ತದೆ. ಮಹಾರಾಷ್ಟ್ರದ ಕಲಗಿ–ತುರಾ ಪಂಥಗಳದೂ ಇದೇ ಶಿವ–ಶಕ್ತಿಯ ವಾದ. ಸೊಲ್ಲಾಪುರದ ಕಡೆ ಹೋದರೆ ಭಾಷೆ ಬದಲಾಗುತ್ತದೆ, ಜಗಳ ಅದೇ.

ಇಲ್ಲಿ ಪಕ್ಷ ಎಂಬುದು ನಂಬಿಕೆಯಲ್ಲ, ಪಾತ್ರ. ನಾಗೇಶಿ ಹಾಡುವವರೆಲ್ಲ ಹೆಂಗಸರೇ ಆಗಬೇಕೆಂದಿಲ್ಲ. ಹೆಣ್ಣಿನ ಪಕ್ಷಕ್ಕೆ ಪದ ಕಟ್ಟಿಕೊಟ್ಟ ಗಂಡಸು ಕವಿಗಳು ಎಷ್ಟೋ ಜನ. ಇದೇ ಜಿಲ್ಲೆಯ ಹಲಸಂಗಿಯ ಖಾಜಾಭಾಯಿ ಮುಸ್ಲಿಮ ಲಾವಣಿಕಾರ; ಅವನ ಹಾಡು ಕೇಳುವವರು ಅವನ ಧರ್ಮ ಕೇಳಿ ಕೂರುತ್ತಿರಲಿಲ್ಲ. ಮನೆಯಲ್ಲಿ ಮೂರು ಹೆಣ್ಣುಮಕ್ಕಳನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದವನೊಬ್ಬ ಕಟ್ಟೆ ಏರಿದೊಡನೆ ರೇಣುಕೆಯ ತಲೆ ಕಡಿದದ್ದು ಸರಿ ಎಂದು ಗಂಟೆಗಟ್ಟಲೆ ವಾದಿಸುತ್ತಾನೆ. ಹಾಗೆ ವಾದಿಸದಿದ್ದರೆ ಆ ರಾತ್ರಿಯೇ ಇಲ್ಲ.

ನನ್ನ ಪಿಎಚ್‌ಡಿಯ ಒಂದು ಅಧ್ಯಾಯ ಈ ಹಾಡಿಕೆಯ ಬೈಗುಳದ ಮೇಲಿದೆ. ಬೈಗುಳ ಎಂದರೆ ಸಣ್ಣಪುಟ್ಟದ್ದಲ್ಲ. ಎದುರಿನವರನ್ನು ಕರೆಯುವುದೇ ಏಕವಚನದಲ್ಲಿ. ಬಳೆ ತೊಟ್ಟುಕೋ, ಸೀರೆ ಉಟ್ಟುಕೋ ಎಂಬ ಊರಿನ ಮಾಮೂಲಿ ಮೂದಲಿಕೆಗಳು ಅಲ್ಲಿ ಹಾಡಾಗುತ್ತವೆ, ಮತ್ತು ಹಾಡಾದೊಡನೆ ಕೈತಪ್ಪುತ್ತವೆ. ಬಳೆ ತೊಟ್ಟುಕೋ ಎಂದು ಹರದೇಶಿಯವನು ಹೀಯಾಳಿಸಿದರೆ ನಾಗೇಶಿಯವಳಿಗೆ ಅದು ಬಯಸದೆ ಬಂದ ಬುತ್ತಿ. ನಿನ್ನ ತೊಟ್ಟಿಲು ತೂಗಿದ ಕೈಯಲ್ಲಿದ್ದದ್ದು ಏನು ಎಂಬಲ್ಲಿಂದ ಅವಳು ಎತ್ತಿಕೊಳ್ಳುತ್ತಾಳೆ. ಬಬಲೇಶ್ವರದ ಹತ್ತಿರದ ಒಂದು ಹಳ್ಳಿಯ ಜಾತ್ರೆಯಲ್ಲಿ ನಾನು ನೋಡಿದ ಹಾಡಿಕೆ ಬೆಳಗಿನ ಐದಕ್ಕೆ ಮುಗಿಯಿತು. ರಾತ್ರಿಯೆಲ್ಲ ಒಬ್ಬರನ್ನೊಬ್ಬರು 'ಲೇ', 'ಹುಚ್ಚಿ' ಎಂದವರು ಒಂದೇ ಕಿಟಲಿಯ ಚಹಾ ಹಂಚಿಕೊಂಡು 'ಬರ್ತೀವ್ರೀ ಅಕ್ಕಾರ', 'ಹೋಗಿಬರ್ರೀ' ಎಂದು ಎರಡು ಟಂಟಂ ಹತ್ತಿದರು.

ನಾನು ಜಗಳ ನೋಡುವ ಇನ್ನೊಂದು ಜಾಗ ಬೇರೆಯದು. ತಿಂಗಳಿಗೆ ಎರಡು ಭಾನುವಾರ ವಿಜಯಪುರದಲ್ಲಿ ಗೆಳತಿಯೊಬ್ಬಳ ಮನೆಯ ಮಾಳಿಗೆ ಮೇಲೆ ನಾವು ಐದು ಜನ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಡುತ್ತೇವೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ. ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಹಿಡಿದು ಆ ಪಾತ್ರದ ಬಾಯಲ್ಲಿ ಮಾತಾಡುತ್ತಾರೆ. ಗೋಡೆ ಹಾರಿದ್ದು ದಾಟಿತೋ, ಬೀಸಿದ ಕತ್ತಿ ತಾಗಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಇದನ್ನು ಗೊತ್ತಿಲ್ಲದವರಿಗೆ ವಿವರಿಸುವಾಗ ನಾನು ತಾಳಮದ್ದಳೆಯ ಉದಾಹರಣೆ ಕೊಡುತ್ತೇನೆ. ಕರಾವಳಿಯಲ್ಲಿ, ಕಾಸರಗೋಡಿನಲ್ಲಿ ವೇಷವಿಲ್ಲದೆ ಕೂತುಕೊಂಡೇ ನಡೆಯುವ ಯಕ್ಷಗಾನವದು. ಪದ್ಯ ಪ್ರಸಂಗದ್ದು, ಮಾತು ಅರ್ಥಧಾರಿಯದು, ಅದೂ ಆ ಕ್ಷಣಕ್ಕೆ ಹುಟ್ಟಿದ್ದು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯ, ರಾವಣನ ಪರವಾಗಿ ಏನು ಹೇಳುತ್ತಾರೆ ಎಂದು ಕೇಳಲಿಕ್ಕೇ ಜನ ಹೋಗುತ್ತಿದ್ದರು. ವಾಲಿ ವಾದದಲ್ಲಿ ಗೆದ್ದರೂ ರಾಮನ ಬಾಣ ತಪ್ಪುವುದಿಲ್ಲ. ನಮ್ಮ ಮಾಳಿಗೆಯ ಮೇಲೆ ಬಾಣ ತಪ್ಪಲೂಬಹುದು, ಅಷ್ಟೇ ವ್ಯತ್ಯಾಸ.

ನಮ್ಮಲ್ಲಿ ಕತೆ ನಡೆಸುವವನು ತಿಕೋಟಾದವನು. ಮನೆಯಲ್ಲಿ ದ್ರಾಕ್ಷಿ ತೋಟ, ಒಣದ್ರಾಕ್ಷಿ ಮಾಡುವ ಶೆಡ್ಡು. ಅವನಿಗೆ ಪುಣೆಯಲ್ಲಿ ನೌಕರಿ, ಈಗ ಮನೆಯಿಂದಲೇ ಕೆಲಸ. ಆಟವನ್ನು ಕಲಿತುಬಂದದ್ದು ಅಲ್ಲಿ. ಆಟದ ಜೊತೆ ಆಟದ ಬೈಗುಳಗಳನ್ನೂ ತಂದಿದ್ದಾನೆ. ಅವು ದೊಡ್ಡ ಪಟ್ಟಿಯೇ ಇವೆ. ನಿಯಮಪುಸ್ತಕದ ಸಾಲು ಹಿಡಿದು ಜಗ್ಗುವವನು 'ರೂಲ್ಸ್ ಲಾಯರ್'. ಎದುರಿಗೆ ಸಿಕ್ಕವರನ್ನೆಲ್ಲ ಕೊಂದು ಗಂಟು ದೋಚಿಕೊಂಡು ಮುಂದಿನೂರಿಗೆ ಹೋಗುವವನು 'ಮರ್ಡರ್‌ಹೋಬೋ'. ಹಳೆಯ ಆಟವೇ ಚೆಂದವಿತ್ತು ಎಂದು ಗೊಣಗುವವನು 'ಗ್ರೋನ್ಯಾರ್', ಇದು ನೆಪೋಲಿಯನ್ನನ ಹಳೆಯ ಸೈನಿಕರಿಗೆ ಫ್ರೆಂಚರು ಇಟ್ಟ ಅಡ್ಡಹೆಸರು. ತನ್ನ ಪಾತ್ರವನ್ನು ಲೆಕ್ಕ ಹಾಕಿ ಹಾಕಿ ಬಲಿಷ್ಠ ಮಾಡಿಕೊಳ್ಳುವವನು 'ಮಂಚ್‌ಕಿನ್'. ಈ ಕೊನೆಯದು ಫ್ರ್ಯಾಂಕ್ ಬಾಮ್‌ನ ಓಜ್ ಕತೆಯ ಕುಳ್ಳ ಜನರ ಹೆಸರು. ಸಣ್ಣ ಹುಡುಗರ ಹಾಗೆ ಆಡುತ್ತೀ ಎಂದು ಹೇಳಲು ಬಳಕೆಗೆ ಬಂತು, ಆಮೇಲೆ ಅದೇ ಹೆಸರಿನಲ್ಲಿ ತಮಾಷೆಯ ಇಸ್ಪೀಟಿನಾಟವೂ ಬಂತು.

ಇವೆಲ್ಲಕ್ಕಿಂತ ಚೂಪಾದದ್ದು ಒಂದು ಶ್ಲೇಷೆ. ಪಾತ್ರವನ್ನು ಆಡುವುದಕ್ಕೆ ಇಂಗ್ಲಿಷಿನಲ್ಲಿ ರೋಲ್, ದಾಳ ಉರುಳಿಸುವುದಕ್ಕೂ ರೋಲ್. ಕಾಗುಣಿತ ಬೇರೆ, ಉಚ್ಚಾರ ಒಂದೇ. ನೀನು ಆಡುತ್ತಿರುವುದು ಮೊದಲನೆಯದಲ್ಲ, ಎರಡನೆಯದು ಎಂದರೆ ನಿನಗೆ ಕಲ್ಪನೆಯಿಲ್ಲ, ಬರೀ ಅಂಕಿಯ ಹುಚ್ಚು ಎಂದು ಅರ್ಥ. ದಶಕಗಳಿಂದ ಆಟಗಾರರು ಇದನ್ನು ಒಬ್ಬರ ಮುಖಕ್ಕೊಬ್ಬರು ಎಸೆಯುತ್ತ ಬಂದಿದ್ದಾರೆ. ಕನ್ನಡ ಲಿಪಿಯಲ್ಲಿ ಎರಡೂ 'ರೋಲ್' ಎಂದೇ ಬರುವುದರಿಂದ ಈ ಬೈಗುಳವನ್ನು ನಾನಿಲ್ಲಿ ಬರೆದು ತೋರಿಸುವುದು ಸಾಧ್ಯವೇ ಇಲ್ಲ. ಒಂದು ಲಿಪಿಗೆ ಇದಕ್ಕಿಂತ ದೊಡ್ಡ ಸೌಜನ್ಯ ಯಾವುದಿದ್ದೀತು!

ಕಳೆದ ಚಳಿಗಾಲದ ಒಂದು ಸಂಜೆ ನಮ್ಮ ಆಟದಲ್ಲಿ ಜಗಳವಾಯಿತು. ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳತಿಯದು ಕಳ್ಳಿಯ ಪಾತ್ರ. ಅವಳಿಗೆ ಲೆಕ್ಕ ಸಹಜ. ಯಾವ ವಿದ್ಯೆ ಯಾವಾಗ ತೆಗೆದುಕೊಂಡರೆ ಎಷ್ಟು ಲಾಭ ಎಂದು ವಹಿಯಲ್ಲಿ ಬರೆದುಕೊಂಡು ಬಂದಿದ್ದಳು. ಮೂರು ತಾಸು ನಡೆಯಬೇಕಿದ್ದ ಕಾಳಗ ಅವಳ ಒಂದು ಯೋಜನೆಯಿಂದ ಹತ್ತು ನಿಮಿಷದಲ್ಲಿ ಮುಗಿದುಹೋಯಿತು. ತಿಕೋಟಾದವನಿಗೆ ತಾನು ವಾರವಿಡೀ ಕೂತು ಕಟ್ಟಿದ ಕತೆ ಹಾಳಾದ ಸಿಟ್ಟು. "ನೀ ಮಂಚ್‌ಕಿನ್ ಅದೀ ಬಿಡು, ಮತ್ತೇನ್ ಹೇಳೂದು" ಅಂದ. ಅವಳು "ಹಂಗಂದ್ರ ಏನು, ಪೂರಾ ಹೇಳು" ಅಂದಳು. ಅವನು ಹೇಳಲಿಲ್ಲ. "ಗೂಗಲ್ ಮಾಡು" ಅಂದ. ಮುಂದಿನ ಎರಡು ಸಲ ಅವಳು ಆಟಕ್ಕೆ ಬರಲಿಲ್ಲ.

ಅದೇ ಸಂಜೆ ಅದೇ ಐದು ಜನ ಒಬ್ಬರನ್ನೊಬ್ಬರು ಏನೇನು ಅಂದಿದ್ದೆವು ಎಂದು ನೆನೆದರೆ ನಗು ಬರುತ್ತದೆ. ಹುಚ್ಚಪ್ಯಾಲಿ, ಹಲ್ಕಟ್, ಇಲ್ಲಿ ಅಚ್ಚು ಮಾಡಲಾಗದ ಇನ್ನೆರಡು. ವಿಜಯಪುರದಲ್ಲಿ ಗೆಳೆಯರ ನಡುವೆ ಇವು ಮಾತಿನ ಉಪ್ಪು; ಉಪ್ಪಿಲ್ಲದಿದ್ದರೆ ಏನೋ ಕೆಟ್ಟಿದೆ ಎಂದೇ ಲೆಕ್ಕ. ಗೆಳೆಯ 'ಲೇ' ಬಿಟ್ಟು 'ರೀ' ಅಂದ ದಿನ ನಾವು ಗಾಬರಿಯಾಗುತ್ತೇವೆ. ಹುಚ್ಚಪ್ಯಾಲಿ ಎಂದವನಿಗೆ 'ನಿಮ್ಮಪ್ಪ ಹುಚ್ಚಪ್ಯಾಲಿ' ಎಂಬ ಜವಾಬು ತಯಾರಿರುತ್ತದೆ. ಮಂಚ್‌ಕಿನ್ನಿಗೆ ಏನು ಜವಾಬು? ಅದು ಬೈಗುಳದ ವೇಷದಲ್ಲಿ ಬರುವುದಿಲ್ಲ, ರೋಗದ ಹೆಸರಿನ ಹಾಗೆ ಬರುತ್ತದೆ. ಡಾಕ್ಟರು ನಿನಗೆ ಇಂಥದ್ದು ಆಗಿದೆ ಎಂದರೆ ನಿಮಗೂ ಅದೇ ಆಗಿದೆ ಎಂದು ತಿರುಗಿ ಹೇಳಲು ಬರುತ್ತದೆಯೇ? ಅವಳು ಮಾಡಿದ ಒಂದು ಯೋಜನೆಯ ಬಗ್ಗೆ ನಡೆಯಬೇಕಿದ್ದ ವಾದ ಅವಳು ಎಂಥವಳು ಎಂಬ ತೀರ್ಪಾಗಿ ಮುಗಿಯಿತು. ಇದನ್ನು ಮೂದಲಿಕೆ ಎಂದು ಒಪ್ಪಿಕೊಳ್ಳುವುದಕ್ಕೂ ಅಂದವನು ತಯಾರಿರಲಿಲ್ಲ. "ಅದು ಟೆಕ್ನಿಕಲ್ ಶಬ್ದ" ಎಂಬುದೇ ಅವನ ಪಟ್ಟು.

ಶಬ್ದಗಳ ತಾಪತ್ರಯ ನಮ್ಮಲ್ಲಿ ಮೊದಲ ದಿನವೇ ಶುರುವಾಗಿತ್ತು. ಈ ಆಟದಲ್ಲಿ ಪಾತ್ರ ಹುಟ್ಟಿಸುವಾಗ ಅದು ಮನುಷ್ಯನೋ ಎಲ್ಫೋ ಡ್ವಾರ್ಫೋ ಎಂದು ಆರಿಸಬೇಕು. ಹಳೆಯ ಪುಸ್ತಕಗಳಲ್ಲಿ ಇದಕ್ಕೆ 'ರೇಸ್' ಎಂಬ ಪದವಿತ್ತು. ನಾವು ಕನ್ನಡದಲ್ಲೇ ಆಡೋಣ ಎಂದು ಕೂತವರು. ಜನಾಂಗ, ಕುಲ ಎಂದೆಲ್ಲ ತಡಕಾಡುವಷ್ಟರಲ್ಲಿ ಒಬ್ಬ ತನಗೆ ಸಹಜವಾಗಿ ಬಂದ ಹಾಗೆ ಪಕ್ಕದವನನ್ನು "ನಿಂದು ಯಾವ ಜಾತಿ?" ಎಂದು ಕೇಳಿದ. ಎಲ್ಲರೂ ನಕ್ಕೆವು. ಪ್ರಶ್ನೆ ಕೇಳಿಸಿಕೊಂಡವನು ಮಾತ್ರ ಒಂದು ಗಳಿಗೆ ತಡವಾಗಿ ನಕ್ಕ. ಬಾಡಿಗೆ ಮನೆ ಹುಡುಕುವಾಗ, ಹಾಸ್ಟೆಲ್ಲಿನಲ್ಲಿ, ಮದುವೆ ಊಟದಲ್ಲಿ ಆ ಪ್ರಶ್ನೆಯನ್ನು ಅವನು ನಮ್ಮೆಲ್ಲರಿಗಿಂತ ಹೆಚ್ಚು ಸಲ ಕೇಳಿಸಿಕೊಂಡಿದ್ದ. ಆಟ ಮಾಡುವ ಕಂಪನಿಯವರು 2022ರ ಡಿಸೆಂಬರಿನಲ್ಲಿ 'ರೇಸ್' ಶಬ್ದ ಬಿಡುತ್ತೇವೆ ಎಂದು ಪ್ರಕಟಿಸಿದರು. 2024ರ ಹೊಸ ಪುಸ್ತಕದಲ್ಲಿ ಅದರ ಜಾಗಕ್ಕೆ 'ಸ್ಪೀಶೀಸ್' ಬಂದಿದೆ. ಇದೆಲ್ಲ ಅತಿಯಾಯಿತು, ಶಬ್ದ ಬದಲಿಸಿದರೆ ಏನು ಬದಲಾಗುತ್ತದೆ ಎಂದು ಅಮೆರಿಕದಲ್ಲಿ ಎಷ್ಟೋ ಜನ ರೇಗಿದರು. ನಮ್ಮ ಮಾಳಿಗೆಯ ಮೇಲೆ ಆ ಗಳಿಗೆಯನ್ನು ನೋಡಿದ ಮೇಲೆ ನನಗೆ ಆ ಸಿಟ್ಟಿನಲ್ಲಿ ಪಾಲು ಬೇಡವೆನಿಸಿತು. ನಾವೀಗ 'ಬಳಗ' ಎನ್ನುತ್ತೇವೆ. ಎಲ್ಫ್ ಬಳಗ, ಡ್ವಾರ್ಫ್ ಬಳಗ. ಸ್ವಲ್ಪ ಮಹಿಳಾ ಮಂಡಳದ ಹೆಸರಿನ ಹಾಗೆ ಕೇಳುತ್ತದೆ, ನಡೆಯುತ್ತದೆ.

ಟೇಬಲ್ಲಿನ ಆಟದವರು ಸೌಜನ್ಯಕ್ಕೆಂದು ಒಂದು ಸಾಧನವನ್ನೂ ಮಾಡಿಕೊಂಡಿದ್ದಾರೆ. ಜಾನ್ ಸ್ಟಾವ್ರೋಪೋಲಸ್ ಎಂಬಾತ ರೂಪಿಸಿದ 'ಎಕ್ಸ್ ಕಾರ್ಡ್'. ನಡುವೆ ಒಂದು ಚೀಟಿ ಇಟ್ಟಿರುತ್ತಾರೆ. ಕತೆಯಲ್ಲಿ ಯಾರಿಗಾದರೂ ಸಹಿಸಲಾಗದ್ದು ಬಂದರೆ ಅದನ್ನು ಮುಟ್ಟಿದರೆ ಸಾಕು, ಆ ಭಾಗ ಕೈಬಿಡಬೇಕು. ಯಾಕೆ ಎಂದು ಯಾರೂ ಕೇಳುವ ಹಾಗಿಲ್ಲ. ಒಳ್ಳೆಯದೇ. ಆದರೆ ಅದು ಹುಟ್ಟಿದ್ದು ಕತೆಯೊಳಗಿನ ಸಂಗತಿಗೆ. ಕತೆಯ ಹೊರಗೆ ಆಟಗಾರ್ತಿಯ ಮೇಲೆ ಬಿದ್ದ ಶಬ್ದಕ್ಕೆ ಚೀಟಿ ಮುಟ್ಟಿದರೆ ಏನಾಗುತ್ತದೆ? ಶಬ್ದ ಅಲ್ಲೇ ಇರುತ್ತದೆ, ಅದರ ಬಗ್ಗೆ ಮಾತು ನಿಲ್ಲುತ್ತದೆ.

ಆ ದಿನಗಳಲ್ಲೇ ತಿಕೋಟಾದ ಹತ್ತಿರದ ಊರಿನ ಒಬ್ಬ ಹಿರಿಯ ನಾಗೇಶಿ ಹಾಡುಗಾರ್ತಿಯ ಮನೆಗೆ ನಾನು ಹೋಗಿಬರುತ್ತಿದ್ದೆ. ಅರವತ್ತು ದಾಟಿದವರು. ಒಣದ್ರಾಕ್ಷಿ ಆರಿಸುವ ಕೂಲಿಯಿಂದ ಬಂದು ಕೈ ತೊಳೆದುಕೊಂಡು ದಪ್ಪು ಹಿಡಿಯುವವರು. ನನ್ನ ಪ್ರಶ್ನಾವಳಿಯಲ್ಲಿ 'ಪ್ರತಿವಾದಿಯ ಅವಾಚ್ಯ ಶಬ್ದಗಳಿಗೆ ನಿಮ್ಮ ಪ್ರತಿಕ್ರಿಯೆ' ಎಂಬ ಒಣಸಾಲು ಇತ್ತು. ಅದನ್ನು ಆಡುಮಾತಿಗೆ ತಂದು ಕೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೆದುಕೊಂಡಿದ್ದೇನೆ: "ಹೆಣ್ಣಿನ ಮ್ಯಾಲ ಹಾಡಿದ್ರ ನಾ ಜವಾಬ ಕೊಡ್ತೀನಿ ಯವ್ವಾ. ಎಷ್ಟರ ಕೆಟ್ಟ ಹಾಡ್ಲಿ. ಸೀತಿ ಅದಾಳ, ದುರ್ಪತಿ ಅದಾಳ, ಎಲ್ಲಮ್ಮ ಅದಾಳ, ಎಲ್ಲಾರೂ ನನ್ನ ಹಿಂದ ನಿಂತಾರ. ನನ್ನ ಮ್ಯಾಲ ಹಾಡಿದ್ರ ಏನ ಜವಾಬ ಕೊಡೂದು? ನನ್ನ ಹಿಂದ ಯಾರ ಅದಾರ?"

ನನ್ನ ಅಧ್ಯಾಯ ಆ ಮಾತಿನ ಮೇಲೆ ನಿಂತಿದೆ. ಹೆಣ್ಣು ಎಂಬ ಪಾತ್ರಕ್ಕೆ ಬೈದರೆ ಆ ಪಾತ್ರಕ್ಕೆ ಸಾವಿರ ವರ್ಷದ ಕತೆಗಳ ಬೆಂಬಲವಿದೆ. ಈ ಹಾಡುಗಾರ್ತಿಗೆ ಬೈದರೆ ಅವಳಿಗೆ ಒಂದು ದಪ್ಪು, ಇಬ್ಬರು ಹಿಮ್ಮೇಳದವರು ಅಷ್ಟೇ. ಅವರ ಜಾತಿಯನ್ನು ಎತ್ತಿ ಹಾಡಿದವರಿದ್ದಾರೆ. ಗಂಡನಿಲ್ಲದ್ದನ್ನು ಎತ್ತಿ ಹಾಡಿದವರಿದ್ದಾರೆ. ಎಲ್ಲಕ್ಕಿಂತ ಹೆಚ್ಚು ಸಲ ಕೇಳಿದ ಶಬ್ದ ಯಾವುದು ಎಂದು ಕೇಳಿದರೆ ಅವರು ಹೇಳಿದ್ದು ನಾನು ಬೈಗುಳವೆಂದೇ ಎಣಿಸದಿದ್ದ ಒಂದು ಶಬ್ದ: 'ಹಾಡಾಕಿ'. ಹಾಡುವವಳು ಎಂದಷ್ಟೇ ಅದರ ಅರ್ಥ. ಗಂಡಸು ಹಾಡಿದರೆ ಕವಿ, ಮಾಸ್ತರ, ಶಾಹೀರ. ಹೆಂಗಸು ಹಾಡಿದರೆ ಹಾಡಾಕಿ, ಮತ್ತು ಆ ಶಬ್ದವನ್ನು ಹೇಳುವ ಧಾಟಿಯಲ್ಲೇ ಉಳಿದದ್ದೆಲ್ಲ ಇರುತ್ತದೆ. ಮುತ್ತು ಕಟ್ಟಿಸುವುದನ್ನು ನಿಷೇಧಿಸಿ ಕರ್ನಾಟಕದಲ್ಲಿ ಕಾಯ್ದೆಯಾದದ್ದು 1982ರಲ್ಲಿ. ಕಾಯ್ದೆಗೆ ಧಾಟಿಯನ್ನು ನಿಷೇಧಿಸಲು ಬರುವುದಿಲ್ಲ.

ಇದು ನಿನ್ನೆ ಮೊನ್ನೆಯದೂ ಅಲ್ಲ. ನಾನು ಈ ಬರಹದಲ್ಲಿ ಎಷ್ಟೋ ಸಲ 'ಪಾತ್ರ' ಎಂದಿದ್ದೇನೆ. ಹಳೆಯ ಕನ್ನಡ ಶಾಸನಗಳಲ್ಲಿ ಗುಡಿಯಲ್ಲಿ ಕುಣಿಯುವ ಹೆಂಗಸಿಗೂ ಪಾತ್ರ ಎಂದೇ ಹೆಸರು. ಅದೇ ಮುಂದೆ 'ಪಾತ್ರದವಳು' ಎಂದು ಇಳಿದು ಮನೆತನದ ಹೆಂಗಸರ ಮುಂದೆ ಆಡಬಾರದ ಮಾತಾಯಿತು. ಪಾತ್ರ ಹಾಕುವ ಗಂಡಸಿಗೆ ಅದನ್ನು ಕಳಚಿಡುವ ಸೌಕರ್ಯವಿದೆ, ಹೆಂಗಸಿಗೆ ಅದು ಹೆಸರಾಗಿ ಅಂಟಿತು. ಹಲಸಂಗಿ ಗೆಳೆಯರು ನಮ್ಮ ಸೀಮೆಯ ಹೆಣ್ಣುಮಕ್ಕಳ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರು 'ಗರತಿಯ ಹಾಡು'. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು ಆ ಕೆಲಸ ಮಾಡದಿದ್ದರೆ ನನ್ನಂಥವರಿಗೆ ಓದಲಿಕ್ಕೆ ಏನೂ ಉಳಿಯುತ್ತಿರಲಿಲ್ಲ. ಆ ಋಣ ದೊಡ್ಡದು. ಆದರೂ ಶೀರ್ಷಿಕೆ ನೋಡಿದಾಗೆಲ್ಲ ನನಗೆ ಆ ಮೊದಲ ಶಬ್ದದ ಮೇಲೆ ಕಣ್ಣು ನಿಲ್ಲುತ್ತದೆ. ಗೌರವದ ಶಬ್ದವೇ, ಆದರೆ ಬಾಗಿಲಿರುವ ಶಬ್ದ. ಬೀಸುವ ಕಲ್ಲಿನ ಮುಂದೆ ಕೂತು ಹಾಡಿದವಳು ಬಾಗಿಲೊಳಗೆ, ಜಾತ್ರೆಯ ಕಟ್ಟೆಯ ಮೇಲೆ ನಿಂತು ಹಾಡಿದವಳು ಹೊರಗೆ.

ಜಾತ್ರೆಗಳಲ್ಲಿ ಈಗ ಸೌಜನ್ಯದ ಒಂದು ಹೊಸ ಪದ್ಧತಿ ಬಂದಿದೆ. ಹಾಡಿಕೆಗೆ ಮೊದಲು ಕಮಿಟಿಯವರೊಬ್ಬರು ಮೈಕು ಹಿಡಿದು 'ಅಶ್ಲೀಲ ಹಾಡಬಾರದು, ಹೆಣ್ಣುಮಕ್ಕಳು ಕೂತಿದ್ದಾರೆ' ಎಂದು ಎಚ್ಚರಿಸುತ್ತಾರೆ. ನಾನು ನೋಡಿದ ನಾಲ್ಕು ಕಡೆಯೂ ಆ ಮಾತನ್ನು ಹೇಳುವಾಗ ಅವರು ತಿರುಗಿದ್ದು ನಾಗೇಶಿ ಮೇಳದ ಕಡೆಗೆ. ಹರದೇಶಿಯವನು ಹೆಣ್ಣಿನ ದೇಹವನ್ನು ಇಂಚಿಂಚಾಗಿ ಅಳೆದರೆ ಅದು ಶೃಂಗಾರ. ಅದಕ್ಕೆ ನಾಗೇಶಿಯವಳು ಅಷ್ಟೇ ಬಿಗಿಯಾಗಿ ತಿರುಗಿಸಿ ಕೊಟ್ಟಾಗ ಮೈಕು ಬಂದ್. ಬಬಲೇಶ್ವರದ ಕಡೆಯ ಒಂದೂರಿನಲ್ಲಿ ಹೀಗೆ ಅರ್ಧಕ್ಕೆ ನಿಂತ ಪದವನ್ನು ಆಮೇಲೆ ನಾನು ಕೇಳಿ ಬರೆದುಕೊಂಡೆ. ಅದರಲ್ಲಿ ಹರದೇಶಿಯ ಪದದಲ್ಲಿಲ್ಲದ ಒಂದು ಶಬ್ದವೂ ಇರಲಿಲ್ಲ. ಗಂಡಸಿನ ಅಂಗಗಳ ಹೆಸರುಗಳು ಹೆಂಗಸಿನ ಬಾಯಲ್ಲಿದ್ದವು, ಅಷ್ಟೇ. ಅಲ್ಲಿ ಸೌಜನ್ಯ ಮಾಡಿದ ಕೆಲಸ ಆಕೆಯ ಸರದಿಯನ್ನು ಕಿತ್ತುಕೊಂಡದ್ದು. ಹಾಡಿಕೆಯ ಒಳಗಿನ ನಿಯಮ ಇದಕ್ಕಿಂತ ಕಟ್ಟುನಿಟ್ಟು, ಇದಕ್ಕಿಂತ ನ್ಯಾಯವಾದದ್ದು: ನೀನು ಏನು ಬೇಕಾದರೂ ಹಾಡು, ಆದರೆ ಹಾಡಿ ಕೂರಬೇಕು, ಎದುರಿನವರು ಮುಗಿಸುವವರೆಗೆ ಏಳಬಾರದು.

ಆ ಹಿರಿಯ ಹಾಡುಗಾರ್ತಿಗೆ ಜವಾಬಿಲ್ಲದ ಮಾತಿಗೂ ಒಂದು ಉಪಾಯ ಗೊತ್ತು. ಯಾರಾದರೂ ಪಾತ್ರ ಬಿಟ್ಟು ಮೈಮೇಲೆ ಬಂದರೆ ಅವರು ಸಿಟ್ಟಾಗುವುದಿಲ್ಲ, ಕಮಿಟಿಯವರನ್ನೂ ಕರೆಯುವುದಿಲ್ಲ. ದಪ್ಪು ನಿಲ್ಲಿಸಿ, ಹಿಮ್ಮೇಳವನ್ನೂ ನಿಲ್ಲಿಸಿ, "ಈಗಿಂದ ಮಾತಿನ ಅರ್ಥ ಹೇಳಿ ಮುಂದಕ ಹಾಡೋ ತಮ್ಮಾ. ದೈವಕ್ಕ ತಿಳೀಲಿ" ಎನ್ನುತ್ತಾರೆ. ದೈವ ಎಂದರೆ ಇಲ್ಲಿ ನೆರೆದ ಜನ. ಹಾಡಿಕೆಯಲ್ಲಿ ಅರ್ಥ ಕೇಳಿದರೆ ಹೇಳಲೇಬೇಕು, ಅದು ಕಟ್ಟಳೆ. ಹಾಡಿನ ಓಟದಲ್ಲಿ ಎಗರಿಬಂದ ಶಬ್ದವನ್ನು ದಪ್ಪಿಲ್ಲದೆ, ರಾಗವಿಲ್ಲದೆ, ಐನೂರು ಜನರ ಮುಂದೆ, ತನ್ನ ತಾಯಿ ವಯಸ್ಸಿನವಳಿಗೆ ಬಿಡಿಸಿ ಹೇಳಬೇಕು. "ಬಾಯಿ ಕಟ್ಟತೈತಿ ಅವಗ. ಹೇಳಿದ್ರ ದೈವ ಉಗುಳತೈತಿ, ಹೇಳದಿದ್ರ ಸೋತಂಗ."

ಪೂರಾ ಹೇಳು ಎಂದು ಬ್ಯಾಂಕಿನ ಗೆಳತಿ ಅಂದು ಕೇಳಿದ್ದು ಇದನ್ನೇ. ನಮ್ಮ ಟೇಬಲ್ಲಿಗೆ ಆ ಕಟ್ಟಳೆ ಗೊತ್ತಿರಲಿಲ್ಲ. ಮೂರನೆಯ ಸಲ ಅವಳು ಬಂದಾಗ ದಾಳ ತೆಗೆಯುವ ಮೊದಲೇ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು. ಈ ಸಲ ನಾವು ನಾಲ್ವರೂ ಸುಮ್ಮನೆ ಕಾದೆವು. ತಿಕೋಟಾದವನು ಓಜ್ ಕತೆಯಿಂದ ಶುರುಮಾಡಿ, ಅಲ್ಲಿ ಇಲ್ಲಿ ಸುತ್ತಿ, ಕೊನೆಗೆ "ನಾ ಮಾಡಿದ ಕತಿ ನೀ ಲಗೂ ಮುಗಿಸಿದಿ ಅಂತ ಸಿಟ್ಟು ಬಂದಿತ್ತು" ಎಂಬಲ್ಲಿಗೆ ಬಂದು ನಿಂತ. ಅದಕ್ಕೆ ಅವಳ ಹತ್ತಿರ ಜವಾಬಿತ್ತು. ಹಾಗಾದರೆ ಇನ್ನೂ ಗಟ್ಟಿ ಕೋಟೆ ಕಟ್ಟು ಅಂದಳು. ಅವನು ಕಟ್ಟಿದ. ಅದನ್ನು ಒಡೆಯಲು ನಮಗೆ ನಾಲ್ಕು ಭಾನುವಾರ ಬೇಕಾದವು, ಅದರಲ್ಲಿ ಎರಡು ಸಲ ಕಳ್ಳಿ ಸಾಯುವುದರಲ್ಲಿದ್ದಳು. ಶಬ್ದ ಮಾತ್ರ ನಮ್ಮಿಂದ ಹೋಗಿಲ್ಲ. ಈಗ ಅದಕ್ಕೆ ಬಹುವಚನ ಬಂದಿದೆ. ಯಾರಾದರೂ ಚೆನ್ನಾಗಿ ಲೆಕ್ಕ ಹಾಕಿದರೆ 'ಮಂಚ್‌ಕಿನ್ನವ್ರು ಬಂದ್ರರೀ' ಎನ್ನುತ್ತೇವೆ.

ಇದನ್ನೆಲ್ಲ ಆ ಹಾಡುಗಾರ್ತಿಗೆ ಹೇಳಿದೆ. ದಾಳದ ಆಟ ಅವರಿಗೆ ಪಗಡೆಯ ಹಾಗೆ ಕೇಳಿಸಿತು, ತಿದ್ದಲು ಹೋಗಲಿಲ್ಲ. ಆ ಹುಡುಗಿ ಶಾಣ್ಯಾಕಿ ಎಂದರು. ಆಮೇಲೆ ತಾವು ಇತ್ತೀಚೆಗೆ ಕಟ್ಟಿಟ್ಟ ಒಂದು ಒಗಟಿನ ಸವಾಲನ್ನು ಗುನುಗಿ ತೋರಿಸಿದರು. ಎದುರು ಮೇಳದವನೊಬ್ಬ ಹೋದ ವರ್ಷ ಹಾಡಾಕಿ ಎಂದು ಮೂರು ಸಲ ಒತ್ತಿ ಹಾಡಿದ್ದನಂತೆ. ಅದೇ ಶಬ್ದವನ್ನು ಹಿಡಿದು ಹೆಣೆದದ್ದು. ಹಾಡಿದವಳು ಯಾರು, ಹಾಡಿಸಿದವಳು ಯಾರು, ಕೇಳುತ್ತ ಮಲಗಿದವನು ಯಾರು ಎಂದೇನೋ ಬರುತ್ತದೆ. ನಾನು ಪೆನ್ನು ತೆಗೆದು, ಇದರ ಜವಾಬೇನು ಎಂದು ಕೇಳಿದೆ.

"ಬರಕೋಬ್ಯಾಡ ಯವ್ವಾ. ಅವ ಇನ್ನೂ ಕೇಳಿಲ್ಲ. ಬರೂ ಅಮಾಸಿಗೆ ಅವನ ಊರಾಗ ಹಾಡಿಕಿ ಐತಿ."